ಯಮನೂರಪ್ಪನ ಮಜಬೂತ್ ಬಾಣ

"ಮಾವಾರ, ನೀವು ಚಿಂತಿ ಬಿಡ್ರಿ! ಬರೋ ಅಮಾಸಿ ಒಳಗ ಆ ಹಂದಿ ನಿಮ್ಮ ಹೊಲದಾಗ ಮಕ್ಕೊಂಡಿರ್ತೈತಿ. ಹೆಂಗ? ಎದಿಯಾಗ ನನ್ನ ಬಾಣ ಇಟ್ಕೊಂಡು!"

ಪಾಮನಕಲ್ಲೂರಿನ ಮಾವನ ಮನೆಯ ಪಡಸಾಲೆಯಲ್ಲಿ, ಮೂರನೇ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ ಯಮನೂರಪ್ಪ ಈ ಘನಘೋರ ಪ್ರತಿಜ್ಞೆ ಮಾಡಿದ. ಅದು ತೊಂಬತ್ತೊಂದನೇ ಇಸವಿ. ಮಸ್ಕಿಯ ಕಾಲುವೆ ಆಫೀಸಿನಲ್ಲಿ ಅವನು ಗುಮಾಸ್ತ. ಹನ್ನೊಂದು ವರ್ಷದ ನೌಕರಿಯಲ್ಲಿ ಅವನು ಗುರಿಯಿಟ್ಟು ಹೊಡೆದದ್ದು ರಬ್ಬರ್ ಸ್ಟಾಂಪು ಒಂದನ್ನೇ. ಅದೂ ಎಷ್ಟೋ ಸಲ ಸೊಟ್ಟಗೆ ಬೀಳುತ್ತಿತ್ತು! ಆದರೆ ಅವನ ಅಜ್ಜ, ಮುತ್ತಜ್ಜ ಬೇಟೆಗಾರರು. ಆ ವೀರರಕ್ತ ತನ್ನ ಮೈಯಲ್ಲಿ ಹರಿಯುತ್ತಿದೆ ಎಂಬ ನಂಬಿಕೆ ಅವನಿಗೆ ಹೊಟ್ಟೆ ತುಂಬಿದಾಗಲೆಲ್ಲ ಉಕ್ಕಿ ಬರುತ್ತಿತ್ತು.

ಮಾವ ದುರುಗಪ್ಪನಿಗೆ ಎಪ್ಪತ್ತು ದಾಟಿತ್ತು. ಎರಡು ಎಕರೆ ಶೇಂಗಾದಲ್ಲಿ ಅರ್ಧವನ್ನು ಕಾಡುಹಂದಿಗಳು ಆಗಲೇ ಅಗೆದು ತಿಂದಿದ್ದವು. ಉಳಿದರ್ಧ ಉಳಿದರೆ ಸಾಕೆಂದು ಮುದುಕ ದೇವರಿಗೆ ಕೈ ಮುಗಿಯುತ್ತಿದ್ದ. ಅಳಿಯನ ಮಾತು ಕೇಳಿ ಎದ್ದು ಹೋಗಿ, ಜಂತಿಗೆ ಸಿಗಿಸಿದ್ದ ಹಳೇ ಬಿಲ್ಲು ತಂದು ಮುಂದಿಟ್ಟ.

"ಬಿಲ್ಲೇನೋ ಗಟ್ಟಿ ಐತಿ ಅಳಿಯಾರ. ಬಾಣ ಎಲ್ಲಾ ಹುಳ ತಿಂದಾವ. ಹೊಸಾ ಕಡ್ಡಿ ಹಾಕಬೇಕು. ಕಡ್ಡಿ ಹೆಂಥಾದು ಅಂದ್ರ..."

"ಬಾಣದ ಮಾತು ನನಗ ಬಿಡ್ರಿ ಮಾವಾರ!"

ದುರುಗಪ್ಪ ಬಾಯಿ ಮುಚ್ಚಿಕೊಂಡ. ಯಮನೂರಪ್ಪನ ಹೆಂಡತಿ ಗ್ಯಾನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಒಳಗೆ ಹೋದಳು.

ಮಸ್ಕಿಗೆ ಬಂದವನೇ ಯಮನೂರಪ್ಪ ಹಿತ್ತಲನ್ನು ರಣರಂಗ ಮಾಡಿದ. ಗೋಣಿಚೀಲಕ್ಕೆ ಹೊಟ್ಟು ತುಂಬಿ, ಇದ್ದಲಿಯಿಂದ ಎರಡು ಕಣ್ಣು, ಒಂದು ಮೂತಿ ಬರೆದು ಬೇವಿನ ಗಿಡಕ್ಕೆ ಒರಗಿಸಿದ.

"ರೀ, ಇದು ಹಂದೀನೋ ನಿಮ್ಮ ಸಾಹೇಬ್ರೋ?"

"ನಗಬ್ಯಾಡಲೇ! ಬಾಣದ ಜೀವ ಇರೂದು ಕಡ್ಡಿಯಾಗ. ಮಜಬೂತ್ ಇರಬೇಕು, ಹಗುರ ಇರಬೇಕು, ನೆಟ್ಟಗಿರಬೇಕು. ಇದು ಶಾಸ್ತ್ರ! ನಿನಗ ತಿಳಿಯಂಗಿಲ್ಲ."

"ಹೌದ್ರಿ, ನನಗೇನು ತಿಳೀತೈತಿ," ಎಂದು ಗ್ಯಾನಮ್ಮ ರೊಟ್ಟಿ ಬಡಿಯಲು ಕೂತಳು.

ಮೊದಲು ಸಂತೆಯಲ್ಲಿ ಬುಟ್ಟಿ ಹೆಣೆಯುವವರ ಹತ್ತಿರ ಹಸಿ ಬಿದಿರು ತಂದ. ಸೀಳಿ, ಹೆರೆದು, ಮಾಳಿಗೆಯ ಮೇಲೆ ಉರಿಬಿಸಿಲಿಗೆ ಒಣಗಲು ಹಾಕಿದ. ಮೂರು ದಿನ ಬಿಟ್ಟು ನೋಡಿದರೆ ಎಲ್ಲ ಕಡ್ಡಿಗಳೂ ಬಾಳೆಹಣ್ಣಿನಂತೆ ಬಾಗಿ ಕೂತಿದ್ದವು! ಆದರೂ ಹುಮ್ಮಸ್ಸು ತಡೆಯಲಾರದೆ ಒಂದನ್ನು ಹೂಡಿ ಬಿಟ್ಟ. ಬಾಣ ಬೇವಿನ ಗಿಡವನ್ನು ಬಳಸಿಕೊಂಡು ತಿರುಗಿ, ಬಚ್ಚಲ ಕಲ್ಲಿನ ಮೇಲೆ ಗ್ಯಾನಮ್ಮ ತಿಕ್ಕುತ್ತಿದ್ದ ಬಾಣಲಿಗೆ ಠಣ್ ಎಂದು ಬಡಿಯಿತು.

"ನಿಮ್ಮ ಬಾಣಕ್ಕ ನನ್ನ ಬಾಣಲೀನ ಬೇಕಾತೇನ್ರಿ? ಹಂದಿ ಆ ಕಡೆ ಐತಿ!"

ಎರಡನೇ ಪ್ರಯೋಗಕ್ಕೆ ಬಡಗಿ ಯೂನುಸನ ಅಂಗಡಿಗೆ ಹೋದ. "ಸಾಗವಾನಿ ಕಡ್ಡಿ ಮಾಡು ಯೂನುಸ. ಬೆರಳ ದಪ್ಪ ಇರಲಿ. ನೂರು ವರ್ಷ ಬಾಳಬೇಕು!"

ಯೂನುಸ ಮಾಡಿಕೊಟ್ಟ. ಕೊಡುವಾಗ ಅನುಮಾನದಿಂದ ಕೇಳಿದ: "ಇದು ಬಾಣ ಏನ್ರಿ, ತೊಟ್ಟಿಲ ಕಾಲೇನ್ರಿ?"

ಕಡ್ಡಿ ನೂರು ವರ್ಷ ಬಾಳುವಂಥದ್ದೇ. ಹಾರುವಂಥದ್ದಲ್ಲ! ಯಮನೂರಪ್ಪ ಕಿವಿಯವರೆಗೆ ಹೆದೆ ಎಳೆದು ಬಿಟ್ಟ. ಆ ಮಹಾಬಾಣ ಬಿಲ್ಲಿನಿಂದ ಜಾರಿ, ಬಿಟ್ಟವನ ಕಾಲಿನ ಹೆಬ್ಬೆರಳ ಮೇಲೆಯೇ ಬಿತ್ತು. ಉಗುರು ಕಪ್ಪಾಯಿತು. ಎಂಟು ದಿನ ಆಫೀಸಿಗೆ ಕುಂಟಿಕೊಂಡು ಹೋದ. ಕೇಳಿದವರಿಗೆಲ್ಲ ಗಂಭೀರವಾಗಿ "ಬ್ಯಾಟಿಯಾಗ ಆದ ಗಾಯ" ಎಂದ.

ಬಾತ ಕಾಲು ಚಾಚಿಕೊಂಡು ಒಂದು ಸಂಜೆ ಮಾಳಿಗೆಯ ಮೇಲೆ ಮಲಗಿದ್ದಾಗ ಅವನಿಗೆ ಜ್ಞಾನೋದಯವಾಯಿತು. ತಲೆಯ ಮೇಲೆ ಟಿವಿ ಆಂಟೆನಾ! ಸಾಲಾಗಿ ಎಂಟು ಅಲ್ಯೂಮಿನಿಯಂ ಕಡ್ಡಿ! ನೂಲು ಹಿಡಿದಷ್ಟು ನೇರ, ಹುಲ್ಲಿನಷ್ಟು ಹಗುರ. ಹುಳ ತಿನ್ನುವುದಿಲ್ಲ, ಬಿಸಿಲಿಗೆ ಬಾಗುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ! ಎದ್ದು ಕುಣಿಯಬೇಕೆನಿಸಿತು, ಹೆಬ್ಬೆರಳು ಬಿಡಲಿಲ್ಲ.

"ಎಂಟರಾಗ ಒಂದು ಬಿಚ್ಚಿದ್ರ ಟಿವಿಗೇನು ಗೊತ್ತಾಗ್ತೈತಿ?" ಎಂದು ತನಗೆ ತಾನೇ ಹೇಳಿಕೊಂಡು ಸ್ಪ್ಯಾನರ್ ತಂದ.

ಆ ಬಾಣ ಹಾರಿದ್ದೇನು! ಸುಂಯ್ ಎಂದು ಹೋಗಿ ಗೋಣಿಹಂದಿಯ ಹೊಟ್ಟೆಯಲ್ಲೇ ನಾಟಿತು. "ಶಾಬ್ಬಾಸ್!" ಎಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಹೋಗಿ ಕೈ ಉಳುಕಿಸಿಕೊಂಡ. ಎರಡನೇ ಸಲ ಬಿಟ್ಟಾಗ ಗುರಿ ಸ್ವಲ್ಪ ತಪ್ಪಿ ಬೇವಿನ ಬೊಡ್ಡೆಗೆ ತಾಗಿತು. ಕಡ್ಡಿ ಮೂಗಿನ ನತ್ತಿನಂತೆ ಸುತ್ತಿಕೊಂಡಿತು! ಇರಲಿ, ಇನ್ನೂ ಏಳು ಇವೆಯಲ್ಲ? ಮತ್ತೊಂದು ಬಿಚ್ಚಿದ. ಅದೂ ಬಾಗಿತು. ಮಗದೊಂದು. ಶನಿವಾರ ಸಂಜೆಗೆ ಆರು ಕಡ್ಡಿ ಇಳಿದಿದ್ದವು. ಐದು ಬಾಗಿದ್ದವು, ಒಂದು ನೆಟ್ಟಗಿತ್ತು.

ಐತವಾರ ಬಂತು. ಅಳಿಯನ ಬಾಣ ನೋಡಲು ದುರುಗಪ್ಪ ಬೆಳಗಿನ ಬಸ್ಸಿಗೇ ಬಂದಿಳಿದ. ಸಂಜೆ ಟಿವಿಯಲ್ಲಿ ಸಿನಿಮಾ. ಓಣಿಗೆಲ್ಲ ಇದ್ದದ್ದು ಅದೊಂದೇ ಟಿವಿ. ಪಕ್ಕದ ಮನೆಯ ಪಾರ್ವತೆಮ್ಮ ಹುರಿಗಡಲೆ ಕಟ್ಟಿಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂತಳು. ಹಿಂದೆ ಇಪ್ಪತ್ತು ಮೂವತ್ತು ಮಂದಿ.

ಗ್ಯಾನಮ್ಮ ಗುಂಡಿ ಒತ್ತಿದಳು. ತೆರೆಯ ತುಂಬ ನುಚ್ಚು ಸುರಿದಂತೆ ಬಿಳಿ ಚುಕ್ಕೆ, ಜೊತೆಗೆ ಸುರ್ ಎಂಬ ಸದ್ದು.

"ಏನಬೇ ಗ್ಯಾನಮ್ಮ, ಇವತ್ತು ಮಳೀ ಸಿನಿಮಾ ಏನು?" ಎಂದಳು ಪಾರ್ವತೆಮ್ಮ.

ಗ್ಯಾನಮ್ಮ ದಡದಡ ಮಾಳಿಗೆ ಹತ್ತಿದಳು. ಯಮನೂರಪ್ಪನಿಗೆ ಇದ್ದಕ್ಕಿದ್ದಂತೆ ಆಫೀಸಿನ ಕೆಲಸ ನೆನಪಾಯಿತು. ಚಪ್ಪಲಿ ಮೆಟ್ಟುವಷ್ಟರಲ್ಲಿ ಮೇಲಿನಿಂದ ಕೂಗು ಕೇಳಿತು:

"ರೀ! ಆಂಟೆನಾದ ಪಕ್ಕೆಲುಬು ಯಾರು ತಿಂದಾರ?"

ಇಡೀ ಓಣಿ ಯಮನೂರಪ್ಪನ ಕಡೆ ತಿರುಗಿತು. ಅವನು ಹಿತ್ತಲಿಗೆ ಹೋಗಿ, ಉಳಿದಿದ್ದ ಒಂದೇ ಒಂದು ನೆಟ್ಟನೆಯ ಬಾಣ ತಂದು ಮಾವನ ಕೈಗಿಟ್ಟ. ದುರುಗಪ್ಪ ಅದನ್ನು ಬೆರಳ ಮೇಲೆ ತೂಗಿ ನೋಡಿದ. ಎರಡು ಕೈಯಲ್ಲಿ ಹಿಡಿದು ಒತ್ತಿದ. ಅದು ಮೆತ್ತಗೆ ಮಣಿಯಿತು.

"ಅಳಿಯಾರ, ಇದು ತಾಗಿದ್ರ ಹಂದಿ ಸಾಯಂಗಿಲ್ಲ," ಎಂದ ಮುದುಕ. "ಆದ್ರ ಹಂದಿಗೆ ಸಿನಿಮಾ ಚಲೋ ಕಾಣ್ತೈತಿ!"

ಮಂದಿ ಸಿನಿಮಾ ಮರೆತು ನಕ್ಕರು. ಪಾರ್ವತೆಮ್ಮನಿಗೆ ಹುರಿಗಡಲೆ ನೆತ್ತಿಗೇರಿತು.

ಓಣಿಯವರೆಲ್ಲ ಹೋದ ಮೇಲೆ ಗ್ಯಾನಮ್ಮ ಸೆರಗು ಸಿಗಿಸಿಕೊಂಡು ಗಂಡನ ಮುಂದೆ ಕೂತಳು.

"ಗಂಡು ಬಿದಿರು ಬೇಕ್ರಿ. ಅದು ಒಳಗ ಟೊಳ್ಳಿರಂಗಿಲ್ಲ. ಎಲ್ಲಾ ಗಂಡಿಗೂ ಈ ಮಾತು ಹೊಂದಂಗಿಲ್ಲ ಬಿಡ್ರಿ! ಬಿಸಿಲಿಗೆ ಇಡಬಾರ್ದು, ನೆಳ್ಳಾಗ ಒಣಗಿಸಬೇಕು. ಆಮ್ಯಾಲ ಕೆಂಡಕ್ಕ ಹಿಡಿದು ಬೆಚ್ಚಗ ಮಾಡಿ, ಸೊಟ್ಟ ಇದ್ದಲ್ಲಿ ಒತ್ತಿ ನೆಟ್ಟಗ ಮಾಡಬೇಕು. ನಮ್ಮಪ್ಪನ ಅಟ್ಟದ ಮ್ಯಾಲ ಒಂದು ಕಟ್ಟು ಐತಿ. ಒಣಗಿ ಐದು ವರ್ಷ ಆಗೈತಿ."

ಯಮನೂರಪ್ಪ ಮಾವನ ಕಡೆ ತಿರುಗಿದ. "ಮಾವಾರ, ನೀವರ ಹೇಳಬಾರದಿತ್ತೇನ್ರಿ?"

"ನನಗ ಬಿಡ್ರಿ ಅಂದ್ರಿ. ಬಿಟ್ಟೆ."

"ಮತ್ತ ನೀ? ನೀ ಯಾಕ ಸುಮ್ನಿದ್ದಿ?"

"ಲಗ್ನ ಆಗಿ ಹನ್ನೊಂದು ವರ್ಷದಾಗ ಇದ ಮೊದಲನೇ ಸಲ ನೀವು ಮನ್ಯಾಗ ಒಂದು ಕೆಲಸಕ್ಕ ಕೈ ಹಾಕಿದ್ರಿ. ಯಾಕ ತಡೀಲಿ ಅಂತ ಬಿಟ್ಟೆ!"

ಮುಂದಿನ ವಾರ ಗ್ಯಾನಮ್ಮ ತವರಿಗೆ ಹೋಗಿ ಕೂತು, ರೊಟ್ಟಿ ಸುಟ್ಟ ಒಲೆಯ ಕೆಂಡದಲ್ಲೇ ನಾಲ್ಕು ಕಡ್ಡಿ ನೆಟ್ಟಗೆ ಮಾಡಿದಳು. ಮೊನೆ ಕೂರಿಸಿದಳು, ಗರಿ ಕಟ್ಟಿದಳು. ನೋಡಿದರೆ ಕಣ್ಣು ತಂಪಾಗಬೇಕು, ಅಂಥ ಬಾಣ! ಯಮನೂರಪ್ಪನ ವೀರರಕ್ತ ಮತ್ತೆ ಉಕ್ಕಿತು.

ಅಮಾವಾಸ್ಯೆಗೆ ಇನ್ನೂ ಎರಡು ದಿನ ಇರುವಾಗ, ನಸುಕಿನಲ್ಲಿ ಮೂವರೂ ಶೇಂಗಾ ಹೊಲದ ಒಡ್ಡಿನ ಮರೆಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಗಿಡಗಳು ಅಲ್ಲಾಡಿದವು. ಬಂತು ಹಿಂಡು! ಮುಂದೆ ಒಂದು ದೊಡ್ಡ ಗಂಡುಹಂದಿ, ಹಿಂಡಿನ ಸಲಗ. ಎಮ್ಮೆ ಕರುವಿನಷ್ಟು! ಯಮನೂರಪ್ಪನ ಎದೆ ಡೊಳ್ಳಾಯಿತು. ಎದ್ದು ನಿಂತ, ಹೂಡಿದ, ಎಳೆದ, ಬಿಟ್ಟ!

ಬಾಣ ಗೆರೆ ಎಳೆದಂತೆ ಹೋಯಿತು. ಹೋಗಿ, ಹಂದಿಯಿಂದ ನಾಲ್ಕು ಮಾರು ಆಚೆಗಿದ್ದ ಕರಿಕಲ್ಲಿಗೆ ಬಡಿದು ಕಿಡಿ ಹಾರಿಸಿತು. ಸಲಗ ತಲೆ ಎತ್ತಿತು. ತಿರುಗಿತು. ಯಮನೂರಪ್ಪನನ್ನೇ ನೋಡಿತು.

"ಯಪ್ಪೋ! ಯವ್ವೋ! ಸತ್ನೆಪ್ಪೋ! ಗ್ಯಾನಮ್ಮೋ!"

ಎಂಥ ಕೂಗು ಅದು! ಜಾಲಿ ಗಿಡದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಊರ ನಾಯಿಗಳು ಬೊಗಳಿದವು. ಬಿಲ್ಲು ಒಂದು ಕಡೆ, ಚಪ್ಪಲಿ ಒಂದು ಕಡೆ, ಯಮನೂರಪ್ಪ ಜಾಲಿ ಗಿಡದ ಮೇಲೆ! ಮುಳ್ಳು ಚುಚ್ಚಿದ್ದಕ್ಕೆ ಮತ್ತೆರಡು ಕೂಗು ಹಾಕಿದ. ಕಣ್ಣು ಬಿಟ್ಟು ನೋಡಿದಾಗ ಸಲಗವೂ ಇಲ್ಲ, ಹಿಂಡೂ ಇಲ್ಲ. ದೂರದ ಗುಡ್ಡದ ಕಡೆ ಧೂಳು ಮಾತ್ರ ಏಳುತ್ತಿತ್ತು.

ಗ್ಯಾನಮ್ಮ ಬಾಣ ಹೆಕ್ಕಿ ತಂದು ತಿರುಗಿಸಿ ನೋಡಿದಳು. ಕಲ್ಲಿಗೆ ಬಡಿದರೂ ಕಡ್ಡಿಯಲ್ಲಿ ಒಂದು ಸೀಳಿಲ್ಲ! ಅವಳು ಅದನ್ನು ಸೆರಗಿನಲ್ಲಿ ಒರೆಸಿದಳು. ಗಂಡನ ಮೈಯಿಂದ ಮುಳ್ಳು ತೆಗೆಯಲು ಮಧ್ಯಾಹ್ನವಾಯಿತು.

ಹತ್ತು ದಿನ ಬಿಟ್ಟು ದುರುಗಪ್ಪ ಮಸ್ಕಿಗೆ ಬಂದ. ಮುಖ ಅರಳಿತ್ತು.

"ಅಳಿಯಾರ, ಹತ್ತು ದಿನದಾಗ ಒಂದು ಹಂದಿ ಹೊಲದ ಕಡೆ ಸುಳಿದಿಲ್ಲ! ಆಜೂಬಾಜೂ ಹೊಲದವ್ರೂ ನಿಮ್ಮನ್ನ ಕರಕೊಂಡು ಬಾ ಅಂತ ದುಂಬಾಲು ಬಿದ್ದಾರ."

ಯಮನೂರಪ್ಪ ಎದೆ ಉಬ್ಬಿಸಿ ಎದ್ದು ನಿಂತ. "ನಡೀರಿ ಮಾವಾರ! ಲೇ ಗ್ಯಾನಮ್ಮ, ಬಿಲ್ಲು ಬಾಣ ತಗಿ!"

"ಬಿಲ್ಲು ಯಾತಕ್ರಿ ಅಳಿಯಾರ?" ಎಂದ ದುರುಗಪ್ಪ, ಬಲು ಮರ್ಯಾದೆಯಿಂದ. "ಬಂದು ಹೊಲಕ್ಕೊಮ್ಮಿ ಒದರಿ ಹೋದ್ರ ಸಾಕು. ನೀವು ಬರೇ ಬಾಯಿ ತರ್ರಿ!"