ಘಟನೋತ್ತರ ಆನೆ

ಹೊಸಗದ್ದೆ ಗ್ರಾಮ ಪಂಚಾಯಿತಿಯ ಸರಹದ್ದಿನಲ್ಲಿ ಆನೆಯಿಲ್ಲದೆ ಓಡುವುದನ್ನು ನಿಷೇಧಿಸಲಾಗಿದೆ. ಈ ಸಂಗತಿಯನ್ನು ಪಂಚಾಯಿತಿ ಕಟ್ಟಡದ ಗೋಡೆ, ಬಸ್ ನಿಲ್ದಾಣ ಮತ್ತು ಶಾಲೆಯ ಆಟದ ಮೈದಾನದಲ್ಲಿ ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಆನೆ ಇದ್ದು ಓಡುವವರಿಗೆ ಯಾವ ಅಡ್ಡಿಯೂ ಇಲ್ಲ.

ಈ ನಿಯಮಕ್ಕೆ ಕಾರಣಳಾದವಳು ಅಫ್ಶಾನ್. ತೋಟಗಳಿಂದ ಸಕಲೇಶಪುರಕ್ಕೆ ಕಾಫಿ ಮೂಟೆ ಸಾಗಿಸುವ ಹಬೀಬ್ ಸಾಹೇಬರ ಮಗಳು. ಸೈನ್ಯದಲ್ಲಿ ಅಧಿಕಾರಿಯಾಗುತ್ತೇನೆಂದು ಹೊರಟು ಎರಡು ಸಲ ಲಿಖಿತ ಪರೀಕ್ಷೆಯಲ್ಲಿ ಬಿದ್ದು ಮೂರನೇ ಸಲ ಎದ್ದಿದ್ದಳು. ನಲವತ್ತು ದಿನದಲ್ಲಿ ಸಂದರ್ಶನ. ಇದೂ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಆಮೇಲೆ ಅಬ್ಬಾನ ಜೀಪಿನ ಟ್ರಿಪ್ ಶೀಟ್ ಬರೆದುಕೊಂಡು ಕೂರುವುದೇ ಸೈ. ಅದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಸಂದರ್ಶನದ ಪತ್ರದ ಜೊತೆ ಬಂದ ಸೂಚನೆಗಳಲ್ಲಿ, ಅಭ್ಯರ್ಥಿಗಳು ಎರಡು ಪಾಯಿಂಟ್ ನಾಲ್ಕು ಕಿಲೋಮೀಟರ್ ಓಟವನ್ನು ಅಭ್ಯಾಸ ಮಾಡಿಕೊಂಡಿರತಕ್ಕದ್ದು ಎಂದಿತ್ತು. ಅಫ್ಶಾನ್ ಕೊನೆಯ ಸಲ ಓಡಿದ್ದು ಏಳನೇ ಕ್ಲಾಸಿನಲ್ಲಿ, ಚಮಚ ಮತ್ತು ನಿಂಬೆಹಣ್ಣಿನ ಸ್ಪರ್ಧೆಯಲ್ಲಿ. ಅವತ್ತು ಗೆರೆ ಮುಟ್ಟಿದ್ದು ನಿಂಬೆಹಣ್ಣು ಮಾತ್ರ. ಈ ದಾಖಲೆ ಅವಳಿಗೆ ಚೆನ್ನಾಗಿ ನೆನಪಿತ್ತು.

ಮೊದಲ ದಿನ ಬೆಳಗ್ಗೆ ಏಳಕ್ಕೆ, ಕಿವಿಯಲ್ಲಿ ಹಾಡು ಹಾಕಿಕೊಂಡು, ಯಸಳೂರು ರಸ್ತೆಯಲ್ಲಿ ಓಡಲು ಶುರುಮಾಡಿದಳು. ನಮ್ಮ ಕಡೆ ರಸ್ತೆಯಲ್ಲಿ ಮನುಷ್ಯ ಓಡಿದರೆ ಅದಕ್ಕೆ ಒಂದೇ ಅರ್ಥ, ಹಿಂದೆ ಆನೆ ಇದೆ. ಯಾರೂ ಕಾರಣ ಕೇಳುವುದಿಲ್ಲ, ಕೇಳುತ್ತಾ ನಿಂತವರು ಉಳಿಯುವುದಿಲ್ಲ. ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಬೋರಯ್ಯ ಅವಳು ದಾಟಿದ್ದೇ ಮೆಣಸಿನ ಚೀಲ ಅಲ್ಲೇ ಬಿಟ್ಟು ಹಿಂದೆ ಓಡಿದ. ಬೋರಯ್ಯನಿಗೆ ಅರವತ್ತೆರಡು ವರ್ಷ. ಬೋರಯ್ಯ ಓಡಿದ್ದನ್ನು ಕಂಡು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಸುರೇಂದ್ರ ಸೀಟಿ ಊದಿದ. ಸೀಟಿ ಕೇಳಿ ಕಾಫಿ ಹಣ್ಣು ಕೊಯ್ಯುತ್ತಿದ್ದವರೆಲ್ಲ ಬುಟ್ಟಿ ಬಿಸಾಕಿ ರಸ್ತೆಗಿಳಿದರು.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಅಫ್ಶಾನಳಿಗೆ ಹಿಂದಿನಿಂದ ದಬದಬ ಸದ್ದು ಕೇಳಿಸಿತು. ತಿರುಗಿದರೆ ನಲವತ್ತೊಂದು ಜನ ಪ್ರಾಣ ಹಿಡಿದುಕೊಂಡು ಓಡಿಬರುತ್ತಿದ್ದಾರೆ. ಹುಟ್ಟಿ ಬೆಳೆದದ್ದು ಇದೇ ಊರು. ಅವಳಿಗೂ ಅರ್ಥವಾಯಿತು. ಅಲ್ಲಿಯವರೆಗೆ ಅಭ್ಯಾಸಕ್ಕೆ ಓಡುತ್ತಿದ್ದವಳು ಆಮೇಲೆ ನಿಜವಾಗಿ ಓಡಿದಳು.

ಮೋರಿಯ ಹತ್ತಿರ ಎಲ್ಲರೂ ಉಸಿರು ಕಟ್ಟಿ ಕುಕ್ಕರಿಸಿದರು.

"ಒಂಟೀನೋ, ಗುಂಪೋ?" ಬೋರಯ್ಯ ಕೇಳಿದ.

"ನಂಗೇನು ಗೊತ್ತು ಬೋರಣ್ಣ? ನಿಮ್ಮ ಹಿಂದೆ ತಾನೆ ಇದ್ದಿದ್ದು?"

"ನಮ್ಮ ಹಿಂದೆ ಯಾರೂ ಇರ್ನಿಲ್ಲ ಕಣವ್ವ. ನೀನು ಓಡ್ದೆ, ನಾವು ಓಡ್ಬುಟ್ಟೊ."

ಅಫ್ಶಾನ್ ಮೊಬೈಲು ನೋಡಿಕೊಂಡಳು. ಎರಡು ಪಾಯಿಂಟ್ ನಾಲ್ಕು ಕಿಲೋಮೀಟರ್, ಹದಿನಾಲ್ಕು ನಿಮಿಷ. ತನಗೆ ತಾನೇ ಹೆದರಿ ಇಷ್ಟು ವೇಗವಾಗಿ ಓಡಬಲ್ಲೆ ಅನ್ನುವುದು ಅವಳಿಗೆ ಹೊಸ ವಿಷಯವಾಗಿತ್ತು.

ಅರ್ಧ ದಿನದ ಕೊಯ್ಲು ಹಾಳಾಯಿತೆಂದು ತೋಟದ ಮಾಲೀಕರು ದೂರು ಕೊಟ್ಟರು. ಪಂಚಾಯಿತಿ ತುರ್ತು ಸಭೆ ಸೇರಿತು. ಅಧ್ಯಕ್ಷೆ ಭದ್ರಮ್ಮ, "ಓಡೋದು ಬ್ಯಾಡ ಅಂದ್ಬುಟ್ರೆ ಆನೆ ಬಂದಾಗ ಏನು ಮಾಡದು?" ಎಂದು ಮೂಲಭೂತ ಪ್ರಶ್ನೆ ಎತ್ತಿದರು. ಅಭಿವೃದ್ಧಿ ಅಧಿಕಾರಿ ನಟರಾಜ್ ಬಹಳ ಹೊತ್ತು ಯೋಚಿಸಿ ನಡಾವಳಿ ಪುಸ್ತಕದಲ್ಲಿ ಬರೆದರು: "ಸಾರ್ವಜನಿಕ ರಸ್ತೆಯಲ್ಲಿ ಯಾವುದೇ ವ್ಯಕ್ತಿಯು ಆನೆಯಿಲ್ಲದೆ ಓಡತಕ್ಕದ್ದಲ್ಲ. ಓಡಿದ್ದಲ್ಲಿ, ಸದರಿ ಆನೆಯನ್ನು ರುಜುವಾತುಪಡಿಸುವ ಹೊಣೆ ಓಡಿದವರದ್ದೇ ಆಗಿರುತ್ತದೆ. ನಿಂತಲ್ಲೇ ಓಡುವುದನ್ನು ಓಟವೆಂದು ಪರಿಗಣಿಸತಕ್ಕದ್ದಲ್ಲ." ಸರ್ವಾನುಮತದಿಂದ ಪಾಸಾಯಿತು. ಶಾಲೆಯ ಕ್ರೀಡಾಕೂಟವನ್ನು ಕೇರಂಗೆ ಬದಲಾಯಿಸಲಾಯಿತು.

ಅಫ್ಶಾನ್ ಅಬ್ಬಾನ ಸ್ಟೋರಿನೊಳಗೆ ಕಾಫಿ ಮೂಟೆಗಳ ಸುತ್ತ ಓಡತೊಡಗಿದಳು. ನೂರಿಪ್ಪತ್ತು ಸುತ್ತು ಹಾಕಿದರೆ ಲೆಕ್ಕಕ್ಕೆ ಬರುತ್ತಿತ್ತು. ಯಾವಾಗಲೂ ಎಡಕ್ಕೇ ತಿರುಗಿ ತಿರುಗಿ ಹತ್ತು ದಿನದಲ್ಲಿ ನೇರ ನಡೆಯುವುದೇ ಕಷ್ಟವಾಯಿತು. ಹಬೀಬ್ ಸಾಹೇಬರು ಮೂಟೆ ಎಣಿಸುವುದನ್ನು ನಿಲ್ಲಿಸಿ, "ಮಗಳೇ, ದೇಶದ ಗಡಿ ದುಂಡಗಿಲ್ಲ ಕಣೆ" ಅಂದರು.

ಆನೆ ಬಂದಿದೆಯೆಂದು ಅರಣ್ಯ ಇಲಾಖೆಯ ಸಂದೇಶ ಬಂದ ದಿನಗಳಲ್ಲಿ ಮಾತ್ರ ರಸ್ತೆ ಮುಕ್ತವಾಗಿರುತ್ತಿತ್ತು. ಆ ದಿನ ಇಡೀ ಊರು ಓಡುತ್ತಿತ್ತು. ಅಫ್ಶಾನ್ ಗಡಿಯಾರ ಹಿಡಿದು ಓಡುತ್ತಿದ್ದಳು. ಬೋರಯ್ಯ ಪ್ರತಿ ಸಲವೂ ಅವಳಿಗಿಂತ ಒಂದು ನಿಮಿಷ ಮುಂಚೆ ಮೋರಿ ತಲುಪುತ್ತಿದ್ದ. ಭಾರತೀಯ ಸೇನೆ ಕಳೆದುಕೊಂಡಿರುವುದು ಯಾರನ್ನು ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು.

ಸಂದರ್ಶನಕ್ಕೆ ಎಂಟು ದಿನ ಇರುವಾಗ ಅಫ್ಶಾನ್ ನಡತೆ ಪ್ರಮಾಣಪತ್ರ ಕೇಳಿಕೊಂಡು ಪಂಚಾಯಿತಿಗೆ ಹೋದಳು. ಪತ್ರದಲ್ಲಿ ಅದನ್ನೂ ಕೇಳಿದ್ದರು.

"ನಿಮ್ಮ ಮೇಲೆ ಪ್ರಕರಣ ಇದೆಯಲ್ಲಮ್ಮ" ಅಂದರು ನಟರಾಜ್. "ಆನೆಯಿಲ್ಲದೆ ಓಡಿದ್ದೀರಿ."

"ಸರ್, ನಿಯಮ ಬಂದಿದ್ದು ನಾನು ಓಡಿದ ಮೇಲೆ."

"ಅದೇ ಹೇಳ್ತಿರೋದು. ನೀವು ಓಡದೆ ಇದ್ದಿದ್ರೆ ನಿಯಮವೇ ಬರ್ತಿರ್ಲಿಲ್ಲ. ಹಾಗಾಗಿ ಮೊದಲನೇ ಉಲ್ಲಂಘನೆ ನಿಮ್ಮದೇ."

ಅಫ್ಶಾನಳ ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಓದು ಒಂದು ನೀಲಿ ಬರಹದ ಗೋಡೆಯ ಮುಂದೆ ನಿಂತಿತ್ತು. ನಟರಾಜ್ ಕೆಟ್ಟ ಮನುಷ್ಯನಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ಒಂದು ದಾರಿ ಇದೆ. ಚರಂಡಿ ಮೊದಲು ಕಟ್ಟಿ ಆಮೇಲೆ ಮಂಜೂರಾತಿ ತಗೊಳ್ತೀವಲ್ಲ, ಘಟನೋತ್ತರ ಅಂತ. ಹಾಗೇ ಆವತ್ತಿನ ದಿನಕ್ಕೆ ಒಂದು ಆನೆಗೆ ಘಟನೋತ್ತರ ಮಂಜೂರಾತಿ ಕೊಡಿಸೋಣ."

"ಆನೆ ಇರ್ಲಿಲ್ಲವಲ್ಲ ಸರ್."

"ಚರಂಡಿನೂ ಎಷ್ಟೋ ಕಡೆ ಇಲ್ಲಮ್ಮ."

ಮಾರನೇ ದಿನವೇ ಮೋರಿಯ ಬಳಿ ಮಹಜರು ನಡೆಯಿತು. ಆವತ್ತು ಓಡಿದ ನಲವತ್ತೊಂದು ಮಂದಿಯೂ ಸಾಕ್ಷಿಗಳು. ಮೊದಮೊದಲು ಸುಮ್ಮನೆ ಸಹಿ ಹಾಕುತ್ತಿದ್ದರು. ಆನೆಯಿಂದ ಬೆಳೆ ಹಾನಿಯಾಗಿದ್ದಲ್ಲಿ ಪರಿಹಾರಕ್ಕೆ ಅವಕಾಶವಿದೆ ಎಂದು ನಟರಾಜ್ ಓದಿ ಹೇಳಿದ ಮೇಲೆ ಎಲ್ಲರಿಗೂ ನೆನಪು ಮರುಕಳಿಸಿತು. ರೈಟರ್ ಸುರೇಂದ್ರ ಲದ್ದಿಯನ್ನು ಕಂಡಿದ್ದ. ಬೋರಯ್ಯನಿಗೆ ಎಡಗಡೆ ದಂತ ಮುರಿದಿದ್ದದ್ದು ಸ್ಪಷ್ಟವಾಗಿ ಜ್ಞಾಪಕಕ್ಕೆ ಬಂತು.

"ಬೋರಣ್ಣ, ನೀವೇ ತಾನೆ ಅವತ್ತು ಯಾರೂ ಇರ್ಲಿಲ್ಲ ಅಂದಿದ್ದು?" ಅಫ್ಶಾನ್ ಮೆಲ್ಲಗೆ ಕೇಳಿದಳು.

"ಭಯದಾಗೆ ಅಂದಿರ್ತೀನಿ ಕಣವ್ವ. ಅಂಥ ದೊಡ್ಡ ಆನೆ ಅದು."

ಕೊನೆಯ ಸಹಿ ಅವಳದ್ದು. ಪೆನ್ನು ಹಿಡಿದು ನಿಂತವಳಿಗೆ ನಾಚಿಕೆಯಾಯಿತು. ಆದರೂ ಹಾಕಿದಳು. ಸತ್ಯವನ್ನು ಸಂದರ್ಶನದಲ್ಲಿ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಡತೆ ಪ್ರಮಾಣಪತ್ರದಲ್ಲಿ, "ಇವರು ಆನೆಯ ಸಮಕ್ಷಮದಲ್ಲಿಯೇ ಓಡಿದ್ದು, ನಡತೆ ಉತ್ತಮವಾಗಿರುತ್ತದೆ" ಎಂದಿತ್ತು. ಮಹಜರಿನ ನಕಲನ್ನೂ ಲಗತ್ತಿಸಿದ್ದರು.

ಸಂದರ್ಶನದಲ್ಲಿ ಮಂಡಳಿಯ ಮುಖ್ಯಸ್ಥರು ಕೇಳಿದರು: "ಯಾವತ್ತಾದರೂ ಒಂದು ಗುಂಪನ್ನು ಮುನ್ನಡೆಸಿದ್ದೀರಾ?"

"ನಲವತ್ತೊಂದು ಜನರನ್ನು, ಸರ್. ಎರಡು ಪಾಯಿಂಟ್ ನಾಲ್ಕು ಕಿಲೋಮೀಟರ್. ಎಲ್ಲರೂ ಸುರಕ್ಷಿತವಾಗಿ ತಲುಪಿದರು."

"ಯಾವ ಅಪಾಯದಿಂದ?"

"ನನ್ನಿಂದಲೇ, ಸರ್. ಆನೆ ಇರಲಿಲ್ಲ. ಅವರು ನನ್ನನ್ನು ನೋಡಿ ಓಡಿದರು, ನಾನು ಅವರನ್ನು ನೋಡಿ ಓಡಿದೆ."

ಮುಖ್ಯಸ್ಥರು ಕಡತ ತೆರೆದು ನಲವತ್ತೆರಡು ಸಹಿ, ಮೂರು ಮೊಹರು ನೋಡಿದರು. ಪಕ್ಕದವರಿಗೆ ತೋರಿಸಿದರು. ಅಫ್ಶಾನ್ ಇನ್ನೂ ಎರಡು ಸಲ ಆನೆ ಇರಲಿಲ್ಲವೆಂದಳು. ಪ್ರತಿ ಸಲವೂ ಅವರು ಏನನ್ನೋ ಬರೆದುಕೊಂಡರು. ಸಂಜೆ ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರಿತ್ತು. "ದಂತ ಮುರಿದ ಆನೆಯನ್ನೂ ಲೆಕ್ಕಕ್ಕಿಡದ ಹುಡುಗಿ" ಎಂದು ಬೆನ್ನು ತಟ್ಟಿ ಕಳಿಸಿದರು.

ತರಬೇತಿಗೆ ಹೊರಡುವ ದಿನ ಪಂಚಾಯಿತಿ ಮುಂದೆ ಸನ್ಮಾನ. ಆನೆಗೂ ಒಂದು ಹಾರ ತರಿಸಿದ್ದರು. ಆನೆ ಗೈರುಹಾಜರಿದ್ದ ಕಾರಣ ಅದರ ಪರವಾಗಿ ಬೋರಯ್ಯ ಹಾರ ಹಾಕಿಸಿಕೊಂಡ. ಭದ್ರಮ್ಮನವರ ಭಾಷಣ ಉದ್ದವಾಯಿತು. ಅಷ್ಟರಲ್ಲಿ ಯಸಳೂರಿನಿಂದ ಬಂದ ಬಸ್ಸು ನಿಲ್ದಾಣದಲ್ಲಿ ನಿಂತಂತೆ ಮಾಡಿ ಹೊರಟೇಬಿಟ್ಟಿತು. ಅದು ತಪ್ಪಿದರೆ ಸಕಲೇಶಪುರದಲ್ಲಿ ರೈಲು ತಪ್ಪುತ್ತಿತ್ತು, ರೈಲು ತಪ್ಪಿದರೆ ವರದಿ ಮಾಡಿಕೊಳ್ಳುವ ದಿನ ತಪ್ಪುತ್ತಿತ್ತು.

ಅಫ್ಶಾನ್ ಪೆಟ್ಟಿಗೆ ಎತ್ತಿಕೊಂಡವಳು ಗೋಡೆಯ ಮೇಲಿನ ನೀಲಿ ಅಕ್ಷರ ನೋಡಿ ನಿಂತಳು. ತಿಂಗಳುಗಳಿಂದ ಕಾಲಿಗೆ ಅದು ಅಭ್ಯಾಸವಾಗಿಹೋಗಿತ್ತು. ನಟರಾಜರ ಮುಖ ನೋಡಿದಳು.

"ಓಡಮ್ಮ" ಅಂದರು ನಟರಾಜ್, ನಡಾವಳಿ ಪುಸ್ತಕ ಬಿಚ್ಚುತ್ತ. "ಆನೆ ಆಮೇಲೆ ಬರ್ಕೊಳ್ತೀನಿ."

ಅವಳು ಓಡಿದಳು. ಹಿಂದೆ ಹಾರ ಹಾಕಿಕೊಂಡ ಬೋರಯ್ಯ ಓಡಿದ, ಸೀಟಿ ಊದುತ್ತ ಸುರೇಂದ್ರ ಓಡಿದ, ಭಾಷಣ ನಿಲ್ಲಿಸಿ ಭದ್ರಮ್ಮ ಓಡಿದರು, ಅಬ್ಬಾನೂ ಓಡಿದರು. ಇಡೀ ಊರು ಓಡಿಬರುವುದನ್ನು ಕನ್ನಡಿಯಲ್ಲಿ ಕಂಡ ಡ್ರೈವರು ಬಸ್ಸನ್ನು ಇನ್ನೂ ಜೋರು ಮಾಡಿದ. ಮೋರಿಯ ತಿರುವಿನಲ್ಲಿ ಅಂತೂ ಅವಳು ಬಸ್ಸಿನ ಕಂಬಿ ಹಿಡಿದಳು.

ಮೆಟ್ಟಿಲ ಮೇಲೆ ನಿಂತು, ಅಧಿಕಾರಿಯಾಗಲಿದ್ದ ಅಫ್ಶಾನ್ ಊರಿನವರಿಗೆ ಕೈ ಬೀಸಿದಳು. ಆಮೇಲೆ ಅವರ ತಲೆಗಳ ಮೇಲಿಂದ ರಸ್ತೆಯ ಆ ತುದಿಯನ್ನು ಒಂದು ಸಲ ನೋಡಿದಳು, ಎಡಗಡೆ ದಂತ ಮುರಿದದ್ದು ಬರುತ್ತಿದೆಯೇನೋ ಅಂತ.