ಮದರ್‌ಬೋರ್ಡ್ ಕೂರಿಸಲು ಹೋಗಿ ಬೀಗತನ ಅಲುಗಾಡಿಸಿದ್ದು

ಇತಿಹಾಸ ಪಾಠ ಮಾಡುವವನಿಗೆ ಒಂದು ವಿಚಿತ್ರ ಧೈರ್ಯವಿರುತ್ತದೆ. ಜಗತ್ತಿನಲ್ಲಿ ಏನೇ ಅನಾಹುತವಾದರೂ ಅದು ಆಗಿಹೋದ ಮೇಲಷ್ಟೇ ಅವನ ಕೆಲಸ ಶುರುವಾಗುತ್ತದೆ. ಅನಾಹುತವನ್ನು ಸ್ವತಃ ಮಾಡುವ ಅವಕಾಶ ಅವನಿಗೆ ಸಿಗುವುದು ಅಪರೂಪ. ನನಗೆ ಸಿಕ್ಕಿತು. ಸಿಕ್ಕಿದ್ದನ್ನು ನಾನು ಬಿಡಲಿಲ್ಲ!

ಸಿಂಧನೂರಿನ ಒಂದು ಕಾಲೇಜಿನಲ್ಲಿ ನಾನು ಉಪನ್ಯಾಸಕ. ನನ್ನ ಹೆಂಡತಿ ಶಾಹೀನ್ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡುಗಳನ್ನು ತಯಾರಿಸುತ್ತಾಳೆ. ಕನ್ನಡ, ಉರ್ದು, ತೆಲುಗು ಯಾವ ಭಾಷೆಯ ಕಾರ್ಡಾದರೂ ಅವಳ ಕೈಯಿಂದ ಚೆಂದವಾಗಿಯೇ ಬರುತ್ತದೆ. ನಮ್ಮ ಓಣಿಯಲ್ಲಿ ಅವಳು ಹೂಬಳ್ಳಿ ಬಿಡಿಸದೆ ಮದುವೆಯಾದವರು ಕಡಿಮೆ.

ಪಕ್ಕದ ಮನೆಯ ಶರಣಪ್ಪನವರು ಅಕ್ಕಿ ಮಿಲ್ಲಿನಲ್ಲಿ ಮೇಲ್ವಿಚಾರಕರು. ಅವರ ಮಗಳು ಸುಜಾತಾಳ ಮದುವೆ ಲಿಂಗಸುಗೂರಿನ ಹುಡುಗನ ಜೊತೆ ನಿಶ್ಚಯವಾಗಿತ್ತು. ಕಾರ್ಡು ಸಿದ್ಧವಾಗಿ, ಇನ್ನೇನು ಅಚ್ಚಿಗೆ ಹೋಗಬೇಕು ಎನ್ನುವಾಗ ಶಾಹೀನಳ ಕಂಪ್ಯೂಟರ್ ಒಂದು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ಕಾರ್ಡು ಅದರ ಹೊಟ್ಟೆಯೊಳಗೇ ಉಳಿಯಿತು. ನೋಡಿದ ರಿಪೇರಿಯವನು, "ಮದರ್‌ಬೋರ್ಡ್ ಹೋಗ್ಯಾದ ಸರ್. ಹೊಸಾದು ತರ್ರಿ, ಹಾಕಿ ಕೊಡ್ತೀನಿ. ಆದ್ರ ಈ ವಾರ ನನಗ ಬಿಡುವಿಲ್ಲ," ಎಂದು ಹೊರಟುಹೋದ.

"ಈ ವಾರದಾಗ ಕಾರ್ಡ್ ಅಚ್ಚಾಗಬೇಕು. ಏನ್ ಮಾಡೋದ್ರೀ?" ಎಂದು ಶಾಹೀನ್ ತಲೆಯ ಮೇಲೆ ಕೈಹೊತ್ತಳು.

ಆಗ ನಾನು ಹೇಳಿದ ಮಾತನ್ನು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

"ನಾನ ಹಾಕ್ತೀನಿ!"

"ನಕ್ಕೋ ರೀ, ಬ್ಯಾಡ. ಹೋದ ತಿಂಗಳು ಮಿಕ್ಸರ್ ಬಿಚ್ಚಿ ಕುಂತಿದ್ರಿ. ಅದು ಇನ್ನೂ ಚೀಲದಾಗ ಐತಿ."

"ಮಿಕ್ಸರ್ ಬ್ಯಾರೆ, ಕಂಪ್ಯೂಟರ್ ಬ್ಯಾರೆ. ಇದಕ್ಕ ಬುದ್ಧಿ ಬೇಕು."

"ಅದಕ್ಕ ಬ್ಯಾಡ ಅಂದೆ," ಎಂದಳು ಶಾಹೀನ್.

ಮರುದಿನ ಪರೀಕ್ಷೆಯ ಕೆಲಸದ ಮೇಲೆ ನಾನು ಲಿಂಗಸುಗೂರಿಗೆ ಹೋಗಬೇಕಿತ್ತು. ಅಂದಿನ ಕೆಲಸ ಮುಗಿಸಿ, ಬಸ್ ನಿಲ್ದಾಣದ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹೊಸ ಮದರ್‌ಬೋರ್ಡು, ಅದಕ್ಕೆ ಹೊಂದುವ ಡ್ಯುಯಲ್ ಕೋರ್ ಪ್ರೊಸೆಸರು ಕೊಂಡೆ. ಅಂಗಡಿಯ ಯಜಮಾನರು ಬಿಳಿ ಅಂಗಿಯ, ಸೌಮ್ಯ ಮುಖದ ಹಿರಿಯರು. "ಯಾರ ಕಡಿಂದ ಹಾಕಿಸ್ತೀರಿ?" ಎಂದು ಕೇಳಿದರು. "ನಾವೇ!" ಎಂದೆ, ಬಹುವಚನದಲ್ಲಿ. ಅವರು ಒಂದು ಕ್ಷಣ ನನ್ನನ್ನು ನೋಡಿ, ಪೆಟ್ಟಿಗೆಗೆ ಇನ್ನೊಂದು ಸುತ್ತು ಟೇಪು ಹಚ್ಚಿ ಕೊಟ್ಟರು.

ಮನೆಗೆ ಬಂದು ಶಾಹೀನಳಿಗೆ ವಿವರಿಸಿದೆ. "ಡ್ಯುಯಲ್ ಕೋರ್ ಅಂದ್ರ ಒಂದರೊಳಗ ಎರಡು ಮೆದುಳು."

"ಚಲೋ ಆತು. ಮನ್ಯಾಗ ಒಂದ ಇತ್ತು, ಅದೂ ನಂದು," ಎಂದಳು.

ಇಂಥ ಮಾತುಗಳಿಗೆಲ್ಲ ವಿಜ್ಞಾನಿಗಳು ಕಿವಿಗೊಡುವುದಿಲ್ಲ. ನಾನು ಮೊಬೈಲಿನಲ್ಲಿ ಒಂದು ತೆಲುಗು ವಿಡಿಯೊ ಹಚ್ಚಿಕೊಂಡು ಕುಳಿತೆ. ಆಂಧ್ರದಿಂದ ಬಂದ ರೈತರು ನೆಲೆಸಿದ ಕಾಲುವೆ ಸೀಮೆಯಲ್ಲಿ ಹುಟ್ಟಿದ ನಮಗೆ ತೆಲುಗು ಬರುತ್ತದೆಂಬ ದೊಡ್ಡ ನಂಬಿಕೆ. ಭತ್ತದ ದರ ಕೇಳುವಷ್ಟು ತೆಲುಗು ಖಂಡಿತ ಬರುತ್ತದೆ. ಆದರೆ ಆ ವಿಡಿಯೊದಲ್ಲಿ ಯಾರೂ ಭತ್ತದ ಮಾತೇ ಎತ್ತಲಿಲ್ಲ!

ಹಳೆಯ ಬೋರ್ಡು ಬಿಚ್ಚಿದೆ. ಪ್ರೊಸೆಸರನ್ನು ಕೂರಿಸಿದೆ. ಅದರ ಮೇಲೆ ಶಾಖ ಇಳಿಸುವ ಬೂದುಬಣ್ಣದ ಪೇಸ್ಟು ಹಚ್ಚಬೇಕಂತೆ, ಕಾಳಿನಷ್ಟು. ಕಾಳಿನಷ್ಟೇ ಹಚ್ಚುವುದು ಜಿಪುಣತನವೆನ್ನಿಸಿ, ಜೋಳದ ರೊಟ್ಟಿಗೆ ಬೆಣ್ಣೆ ಸವರಿದಂತೆ ಧಾರಾಳವಾಗಿ ಸವರಿದೆ. ಅಂಗಿಗೆ, ಗಡ್ಡಕ್ಕೆ, ಟೇಬಲ್ಲಿನ ಹೊದಿಕೆಗೂ ಮೆತ್ತಿತು. ಫ್ಯಾನು ಕೂರಿಸಿ ವೈರುಗಳನ್ನು ಜೋಡಿಸಿದೆ. ಕೊನೆಗೆ ಹಳದಿ-ಕಪ್ಪು ಬಣ್ಣದ ಒಂದು ಸಣ್ಣ ವೈರು ಉಳಿಯಿತು. ಹೆಚ್ಚುವರಿ ಇರಬೇಕೆಂದು ಅದನ್ನು ಮಡಚಿ, ರಬ್ಬರ್‌ಬ್ಯಾಂಡ್ ಹಾಕಿ ಮೂಲೆಗೆ ಸೇರಿಸಿದೆ. ಅಚ್ಚುಕಟ್ಟುತನ ನನ್ನ ಹುಟ್ಟುಗುಣ.

"ಬಿಸ್ಮಿಲ್ಲಾ!" ಎಂದು ಗುಂಡಿ ಒತ್ತಿದೆ. ಫ್ಯಾನು ತಿರುಗಿತು!

"ಬಂತು! ಬಂತು!" ಎಂದು ಕೂಗಿದೆ. ಶಾಹೀನ್ ಅಡುಗೆಮನೆಯಿಂದ ಓಡಿಬಂದಳು. ಫ್ಯಾನು ತಿರುಗುತ್ತಲೇ ಇತ್ತು. ಪರದೆ ಮಾತ್ರ ಕಪ್ಪಗೇ ಇತ್ತು.

"ಫ್ಯಾನ್ ಮನ್ಯಾಗ ಮೊದಲ ಐತಲ್ರೀ," ಎಂದಳು ಶಾಹೀನ್. "ಕಾರ್ಡ್ ಎಲ್ಲೈತಿ?"

ನಾನು ದೋಷಪರಿಶೋಧನೆಗೆ ಇಳಿದೆ. ಮೊದಲು ಮಾನಿಟರಿನ ಮೇಲೆ ಅನುಮಾನ ಬಂತು. ಅದನ್ನು ಹೊದಿಕೆಯಲ್ಲಿ ಸುತ್ತಿ, ಆಟೊದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕಾಲೇಜಿಗೆ ಒಯ್ದೆ. ದಾರಿಯಲ್ಲಿ ಒಬ್ಬ ವಿದ್ಯಾರ್ಥಿ, "ಯಾರಿಗೆ ಆರಾಮಿಲ್ರೀ ಸರ್?" ಎಂದು ಕೇಳಿದ. ಕಾಲೇಜಿನಲ್ಲಿ ಮಾನಿಟರು ಬೆಳಗಿತು. ಮನೆಗೆ ತಂದರೆ ಮತ್ತೆ ಕತ್ತಲು! ಆಮೇಲೆ ರ‍್ಯಾಮನ್ನು ರಬ್ಬರಿನಿಂದ ಉಜ್ಜಿದೆ. ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದೆ. ಕೊಬ್ಬರಿ ಚೂರು, ಸೇಫ್ಟಿಪಿನ್ನು, ಕಳೆದುಹೋಗಿದ್ದ ಶಾಹೀನಳ ಕಿವಿಯೋಲೆ ಬಿದ್ದವು. ಇಡೀ ಸಾಹಸದಲ್ಲಿ ಅವಳು ಸಂತೋಷಪಟ್ಟದ್ದು ಅದೊಂದಕ್ಕೇ.

ಕೊನೆಗೆ ನಾನು ತೀರ್ಪು ಕೊಟ್ಟೆ. ದೋಷ ಮದರ್‌ಬೋರ್ಡಿನದು. ಅಂದರೆ ಅಂಗಡಿಯವರದು!

ಪರೀಕ್ಷೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಬೋರ್ಡನ್ನು ಕಟ್ಟಿಕೊಂಡು ಲಿಂಗಸುಗೂರಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಪೆಟ್ಟಿಗೆಯನ್ನು ಮೇಜಿನ ಮೇಲೆ ಧಡ್ಡನೆ ಇಟ್ಟು, "ಇದು ಕೆಟ್ಟಿದ್ದು!" ಎಂದೆ.

"ವೈರ್ ಎಲ್ಲಾ ಸರಿ ಹಚ್ಚೀರಿಲ್ರೀ?" ಎಂದು ಯಜಮಾನರು ಮೆಲ್ಲಗೆ ಕೇಳಿದರು.

ಈ ಪ್ರಶ್ನೆಯಿಂದ ನನ್ನ ಘನತೆಗೆ ಧಕ್ಕೆಯಾಯಿತು. "ನಾನು ಉಪನ್ಯಾಸಕ!" ಎಂದು ಗುಡುಗಿದೆ. ಅಶೋಕನಿಗೂ ಔರಂಗಜೇಬನಿಗೂ ಅಂಕ ಹಾಕುವವನಿಗೆ ವೈರಿನ ಪ್ರಶ್ನೆಯೇ?

"ಸಿಟ್ಟಾಗಬ್ಯಾಡ್ರಿ. ಕರೆಂಟ್ ಹೋಗ್ಯಾದ. ಬರಲಿ, ಇಲ್ಲೇ ಹಚ್ಚಿ ನೋಡಿಬಿಡೂಣು."

"ನನ್ನ ಬಸ್ ಹೋಗುತ್ತೆ! ಗಿರಾಕಿಗೆ ಕೆಟ್ಟ ಮಾಲು ಕೊಟ್ಟು ಕರೆಂಟಿನ ನೆವ ಹೇಳ್ತೀರಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಇಬ್ಬರು ಗಿರಾಕಿಗಳು ಕೊಳ್ಳಲು ಕೈಗೆತ್ತಿಕೊಂಡಿದ್ದನ್ನು ಹಾಗೆಯೇ ಇಟ್ಟು ಹೊರನಡೆದರು. ಯಜಮಾನರ ಮುಖ ಸಣ್ಣದಾಯಿತು. ಇನ್ನೊಂದು ಹೊಸ ಬೋರ್ಡು ತೆಗೆದುಕೊಟ್ಟರು. ನಾನು ದಿಗ್ವಿಜಯಿಯಾಗಿ ಬಸ್ಸು ಹತ್ತಿದೆ.

ಮನೆಯಲ್ಲಿ ಎರಡನೇ ಬೋರ್ಡು ಕೂರಿಸಿದೆ. ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಪರದೆ ಕಪ್ಪು!

ಆಗ ಮನುಷ್ಯನಾದವನು ತನ್ನನ್ನು ತಾನು ಅನುಮಾನಿಸಬೇಕಿತ್ತು. ನಾನು ಓಣಿಯ ವಾಟ್ಸಾಪ್ ಗುಂಪನ್ನು ತೆರೆದೆ. "ಸಾರ್ವಜನಿಕರಲ್ಲಿ ಕಳಕಳಿಯ ಎಚ್ಚರಿಕೆ" ಎಂದು ಆರಂಭಿಸಿ, ಲಿಂಗಸುಗೂರಿನ ಆ ಅಂಗಡಿಯ ಹೆಸರು, ಗುರುತು ಎಲ್ಲ ಬರೆದು, "ಇಂಥ ವಂಚಕರಿಂದ ದೂರವಿರಿ" ಎಂದು ಮುಗಿಸಿ ಕಳಿಸಿಬಿಟ್ಟೆ. ವ್ಯಾಕರಣ ದೋಷ ಒಂದೂ ಇರಲಿಲ್ಲ. ಹೆಬ್ಬೆರಳೆತ್ತಿ ಮೆಚ್ಚಿದವರೂ ಬಹಳ. ನಡುದಾರಿಯ ಮಸ್ಕಿಯಲ್ಲೂ ಇಳಿಯದೆ ಆ ಸಂದೇಶ ಸೀದಾ ಲಿಂಗಸುಗೂರು ತಲುಪಿತೆಂದು ಆಮೇಲೆ ತಿಳಿಯಿತು.

ಸ್ವಲ್ಪ ಹೊತ್ತಿಗೆ ಶರಣಪ್ಪನವರು ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಸರ್, ಇದೇನ್ ಬರದೀರಿ?"

"ಸತ್ಯ ಬರದೀನಿ!"

"ಅವರು ನಮ್ಮ ಬೀಗರ್ರೀ!" ಎಂದರು ಶರಣಪ್ಪ. "ಆ ಅಂಗಡಿ ಮಲ್ಲಿಕಾರ್ಜುನಪ್ಪನವ್ರು ಅಂದ್ರ ನಮ್ಮ ಅಳಿಯನ ತಂದಿ! ನಮ್ಮ ಮನ್ಯಾಗ ಸುಜಾತಾನ ಅವ್ವ ಒಂದ ಸವನ ಅಳಾಕತ್ತ್ಯಾಳ. ವಂಚಕರ ಮನಿಗೆ ಹುಡುಗಿ ಕೊಡಂಗಿಲ್ಲ ಅಂತಾಳ. ನಮ್ಮ ಬಂಧುಬಳಗ ಎಲ್ಲಾ ಫೋನ್ ಹಚ್ಚಾಕತ್ತೈತಿ. ಸುಜಾತಾ ಬಾಗಲಾ ಹಾಕ್ಕೊಂಡು ಒಳಗ ಕುಂತಾಳ."

ಇಷ್ಟಾದರೂ ಪಾಠ ಮಾಡಿ ಅಭ್ಯಾಸವಾದ ನಾಲಿಗೆ ಸುಮ್ಮನಿರಲಿಲ್ಲ. "ಆದರ ಎರಡು ಬೋರ್ಡು ಕೆಟ್ಟಿದ್ದು ಕೊಟ್ಟಾರಲ್ರೀ..."

ಶಾಹೀನ್ ಟೇಬಲ್ಲಿನ ಹತ್ತಿರ ಬಗ್ಗಿ ನೋಡಿದಳು.

"ರೀ, ಈ ಹಳದಿ ವೈರಿಗೆ ಯಾಕ ಜಡಿ ಹಾಕೀರಿ?"

"ಅದು ಹೆಚ್ಚುವರಿ."

"ಹೆಚ್ಚುವರಿ? ಒಂದು ಸ್ಕ್ರೂ ಸೈತ ಪುಕ್ಕಟೆ ಕೊಡದ ಮಂದಿ ಇಷ್ಟುದ್ದ ವೈರ್ ಸುಮ್ಮ ಕೊಡ್ತಾರೇನು? ನೋಡ್ರಿ ಇಲ್ಲಿ, ಇದರ ಅಳತಿಯ ತೂತು ಫ್ಯಾನಿನ ಬಾಜೂಕ ಖಾಲಿ ಐತಿ!"

ರಬ್ಬರ್‌ಬ್ಯಾಂಡು ಬಿಚ್ಚಿದೆ. ವೈರನ್ನು ಆ ಜಾಗಕ್ಕೆ ಒತ್ತಿದೆ. ಕಟ್ ಎಂದು ಕೂತಿತು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಕಂಪ್ಯೂಟರ್ ಚಾಲೂ ಆಗದಿರಲಿ ಎಂದು ದುವಾ ಮಾಡಿ ಗುಂಡಿ ಒತ್ತಿದೆ.

ಚಾಲೂ ಆಯಿತು. ಪರದೆ ಜಗ್ಗನೆ ಬೆಳಗಿತು. ಪ್ರೊಸೆಸರಿಗೆ ಕರೆಂಟು ಕೊಡುವ ವೈರನ್ನೇ ಕಟ್ಟಿಹಾಕಿ, ಅದರ ಎರಡೂ ಮೆದುಳುಗಳನ್ನು ನಾನು ಉಪವಾಸ ಕೆಡವಿದ್ದೆ!

ಶರಣಪ್ಪನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಡೀರಿ ಸರ್," ಎಂದರು. "ಎಲ್ಲಿಗೆ?" ಎಂದೆ. "ಎಲ್ಲಿಗೆ ಅಂದ್ರ? ಲಿಂಗಸುಗೂರಿಗೆ! ಬೀಗರಿಗೆ ನಿಮ್ಮ ಬಾಯಿಲೇ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ."

ಹೊರಡುವ ಮೊದಲು ಗುಂಪಿನಲ್ಲಿದ್ದ ಸಂದೇಶವನ್ನು ಅಳಿಸಿದೆ. ನಮ್ಮ ಓಣಿಯಲ್ಲಿ ಅಳಿಸಿತು. ಊರೂರು ಸುತ್ತುತ್ತಿದ್ದ ಅದರ ಮರಿಗಳನ್ನು ಎಲ್ಲಿಂದ ಅಳಿಸಲಿ? ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವನೊಬ್ಬ ಅದನ್ನೇ ಪಕ್ಕದವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. "ಯಾರೋ ಸರ್ ಬರದಾರ ನೋಡು, ಏನ್ ಭಾಷಾ, ಏನ್ ಭಾಷಾ!" ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ನನ್ನ ಬರವಣಿಗೆಯನ್ನು ಯಾರೋ ಮೆಚ್ಚಿ ಓದಿದ್ದು ಅದೇ ಮೊದಲು.

ಮಸ್ಕಿಯಲ್ಲಿ ಬಸ್ಸು ನಿಂತಾಗ ಶರಣಪ್ಪನವರ ಫೋನು ಬಡಿಯಿತು. ಮಾತಾಡುತ್ತಲೇ ಅವರು ನನ್ನ ತೋಳು ಹಿಡಿದು ಕೆಳಗಿಳಿಸಿದರು. "ಬೀಗರು ಇಲ್ಲೇ ಅದಾರಂತ! ಗಾಡಿ ಮ್ಯಾಲೆ ನಿಮ್ಮ ಮನಿಗೇ ಹೊಂಟಿದ್ರಂತ!"

ಹೊಡೆಯಲು ಹೊರಟಿದ್ದಾರೆಂದೇ ನಾನು ಭಾವಿಸಿದೆ. ಬಜ್ಜಿ ಅಂಗಡಿಯ ಪಕ್ಕದಲ್ಲಿ, ಧೂಳು ಮೆತ್ತಿದ ಬಿಳಿ ಅಂಗಿಯಲ್ಲಿ ಮಲ್ಲಿಕಾರ್ಜುನಪ್ಪನವರು ನಿಂತಿದ್ದರು. ಎದೆಗೆ ಒಂದು ಪೆಟ್ಟಿಗೆ ಅವಚಿಕೊಂಡಿದ್ದರು. ಹೊಸ ಮದರ್‌ಬೋರ್ಡು. ಮೂರನೆಯದು!

"ಸರ್, ಎರಡೂ ಕೆಟ್ಟಾವಂತ ಓದಿದೆ," ಎಂದರು. "ಹಂಗಾಗಬಾರದಿತ್ತು. ನಮ್ಮ ಕಡಿಂದ ತಪ್ಪಾಗೈತಿ. ನಾನ ಬಂದು ನಿಮ್ಮ ಮನ್ಯಾಗ ಹಾಕಿಕೊಟ್ಟು ಹೋಗ್ತೀನಿ. ಮದುವಿ ಮನಿ ನೋಡ್ರಿ, ಹೆಸರು ಕೆಡಬಾರದು."

ಅವರು ನನ್ನ ಕ್ಷಮೆ ಕೇಳುತ್ತಿದ್ದರು! ಭೂಮಿ ಬಾಯಿ ತೆರೆಯಲಿಲ್ಲ. ಮಸ್ಕಿಯ ನೆಲ ಬಲು ಗಟ್ಟಿ, ಕಲ್ಲು.

"ಬೋರ್ಡು ಕೆಟ್ಟಿಲ್ರೀ," ಎಂದೆ, ಮೆಲ್ಲಗೆ.

"ಏನಂದ್ರಿ?"

ಪಕ್ಕದಲ್ಲಿ ಬಸ್ಸು ಹಾರ್ನು ಹೊಡೆಯಿತು. ನಾನು ಜೋರಾಗಿ ಹೇಳಬೇಕಾಯಿತು. "ಬೋರ್ಡು ಕೆಟ್ಟಿರಲಿಲ್ಲ! ನಾನೇ ಒಂದು ವೈರ್ ಹಚ್ಚಿರಲಿಲ್ಲ!" ಅಷ್ಟರಲ್ಲಿ ಹಾರ್ನು ನಿಂತಿತ್ತು. ಬಜ್ಜಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮಲ್ಲಿಕಾರ್ಜುನಪ್ಪನವರು ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿ, ನಿಧಾನವಾಗಿ ಹೇಳಿದರು. "ನೀವು ಬೈದ ಮ್ಯಾಲೆ ನಾ ಹುಬ್ಬಳ್ಳಿ ಡೀಲರಗ ಫೋನ್ ಹಚ್ಚಿ ಬಾಯಿಗೆ ಬಂದಂಗ ಬೈದೀನ್ರಿ. ಹಳೇ ದೋಸ್ತ್ ಅಂವ. ಈಗ ನೀವು ನನಗ ಹೇಳಿದಂಗ ನಾ ಅವಗ ಹೇಳಬೇಕು." ಆಮೇಲೆ, "ನಿಮ್ಮ ಮನ್ಯಾಗ ಅಳಾಕತ್ತಿದ್ರಂತಲ್ರೀ, ಬೀಗರ?" ಎಂದು ಶರಣಪ್ಪನವರನ್ನು ಕೇಳಿದರು. "ನಮ್ಮ ಮನ್ಯಾಗೂ ಒಲಿ ಹಚ್ಚಿಲ್ರಿ."

ಇಬ್ಬರು ಹಿರಿಯರು, ಇಬ್ಬರೂ ನನ್ನನ್ನು ನೋಡದೆ ನಿಂತಿದ್ದರು. ನಾನು ಮಲ್ಲಿಕಾರ್ಜುನಪ್ಪನವರ ಕೈ ಹಿಡಿದುಕೊಂಡೆ. "ತಪ್ಪಾಗೈತ್ರೀ," ಎಂದೆ. ನನ್ನ ಅಂದದ ಭಾಷೆಯಲ್ಲಿ ಅದಕ್ಕಿಂತ ಹೆಚ್ಚಿನ ಶಬ್ದ ಆಗ ಒಂದೂ ಸಿಗಲಿಲ್ಲ. ಅವರು ಕೈ ಬಿಡಿಸಿಕೊಳ್ಳಲಿಲ್ಲ. "ಇರ್ಲಿ ಬಿಡ್ರಿ. ಚಹಾ ಕುಡಿಯೂಣು ಬರ್ರಿ," ಎಂದರು.

ಅಲ್ಲೇ ಕೂತು ನಾನು ಗುಂಪಿಗೆ ಕ್ಷಮಾಪಣೆ ಬರೆದೆ. ಎಚ್ಚರಿಕೆಯ ಸಂದೇಶ ತಾಲ್ಲೂಕುಗಳನ್ನು ದಾಟಿತ್ತು. ಕ್ಷಮಾಪಣೆ ನಮ್ಮ ಓಣಿಯ ತಿರುವನ್ನೂ ದಾಟಲಿಲ್ಲ. ಅದನ್ನು ಹೆಬ್ಬೆರಳೆತ್ತಿ ಮೆಚ್ಚಿದವರು ಒಬ್ಬರೇ, ಶಾಹೀನ್. ಕೊನೆಗೆ ಶರಣಪ್ಪನವರ ಮನೆಗೆ, ಅವರ ಅಣ್ಣತಮ್ಮಂದಿರ ಮನೆಗಳಿಗೆ ಹೋಗಿ ವೈರಿನ ಕಥೆಯನ್ನು ನಾನೇ ಬಾಯಿಬಿಟ್ಟು ಹೇಳಿ ಬಂದೆ. ಪ್ರತಿ ಮನೆಯಲ್ಲೂ ಮೊದಲು ಸಿಟ್ಟು, ಆಮೇಲೆ ಚಹಾ, ಆಮೇಲೆ ನಗು. ಸುಜಾತಾ ಬಾಗಿಲು ತೆರೆದಳು. ಶಾಹೀನ್ ಕಾರ್ಡನ್ನು ಅಚ್ಚಿಗೆ ಕಳಿಸಿದಳು.

ಮದುವೆ ಲಿಂಗಸುಗೂರಿನಲ್ಲಿ ಭರ್ಜರಿಯಾಗಿ ನಡೆಯಿತು. ನಾನು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದೆ. ಮಂಗಳಾಷ್ಟಕ ನಡೆಯುವಾಗ ಮೈಕು ಕಿರ್ರೆಂದು ಸತ್ತುಹೋಯಿತು. ಎಲ್ಲರೂ ಅತ್ತಿತ್ತ ನೋಡತೊಡಗಿದರು. ಸ್ಪೀಕರಿನ ಬುಡದಲ್ಲಿ ಒಂದು ವೈರು ಬಿಚ್ಚಿಬಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಒಳ್ಳೆಯದನ್ನೇ ಮಾಡೋಣವೆಂದು ಮೆಲ್ಲಗೆ ಎದ್ದು ನಿಂತೆ.

ವೇದಿಕೆಯ ಮೇಲಿಂದ ಮಲ್ಲಿಕಾರ್ಜುನಪ್ಪನವರು ಅಕ್ಷತೆಯ ಕೈ ಎತ್ತಿ ಕೂಗಿದರು. ಮೈಕು ಇಲ್ಲದಿದ್ದರೂ ಮಂಟಪದ ಮೂಲೆಮೂಲೆಗೂ ಕೇಳಿಸಿತು.

"ಸರ್! ನಿಮಗ ಕೈ ಮುಗೀತೀನಿ, ನೀವು ಕೂತಲ್ಲೇ ಕೂಡ್ರಿ!"

ಕೂತೆ. ಊಟಕ್ಕೆ ಕರೆಯುವವರೆಗೂ ಅಲುಗಾಡಲಿಲ್ಲ.