ಶಿವಲಿಂಗವ್ವತ್ತಿಯ ಫೋಟೋದಲ್ಲಿದ್ದ ಮೋಟಾರು

ಮನೆಯಲ್ಲೊಬ್ಬ ವಿದ್ವಾಂಸನಿದ್ದಾನೆ ಎಂಬುದು ಕೆಲವು ಹೆಂಡಂದಿರಿಗೆ ತಡವಾಗಿ ಗೊತ್ತಾಗುತ್ತದೆ. ಕೆಲವರಿಗೆ ಗೊತ್ತಾಗುವುದೇ ಇಲ್ಲ. ನನ್ನ ಉಮಾಶ್ರೀ ಎರಡನೆಯವರ ಪೈಕಿ. ಕಾಲೇಜಿನ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ನಾನು ಹಳೆಯ ಫೋಟೋಗಳಲ್ಲಿರುವ ಮೋಟಾರುಗಳ ಹೆಸರು ಪತ್ತೆ ಹಚ್ಚುವ ಮಹಾವಿದ್ಯೆಗೆ ಕೈ ಹಾಕಿದ್ದೇನೆ. ಮೊಬೈಲಿನಲ್ಲಿ ನಮ್ಮದೊಂದು ಗುಂಪಿದೆ. ಪುಣೆಯವರಿದ್ದಾರೆ, ಪೋಲೆಂಡಿನವರಿದ್ದಾರೆ. ಯಾರಾದರೂ ನೂರು ವರ್ಷದ ಫೋಟೋ ಹಾಕಿದರೆ ಗಾಲಿಯ ಕಡ್ಡಿ ಎಣಿಸಿ, ದೀಪದ ಆಕಾರ ನೋಡಿ, ಇದು ಇಂಥದೇ ಗಾಡಿ ಎಂದು ತೀರ್ಪು ಕೊಡುತ್ತೇವೆ. (ನಮ್ಮ ಸ್ವಂತ ಸ್ಕೂಟರಿನ ನಂಬರು ನನಗೆ ನೆನಪಿರುವುದಿಲ್ಲ. ಅದು ಬೇರೆ ಮಾತು.)

ಹೀಗಿರುವಾಗ ಉಮಾಶ್ರೀಯೇ ತವರಿನಿಂದ ಒಂದು ಫೋಟೋ ತಂದಳು. ಕೆಲಗೇರಿಯಲ್ಲಿರುವ ಅವಳ ಸೋದರತ್ತೆ ಶಿವಲಿಂಗವ್ವತ್ತಿಗೆ ತೊಂಬತ್ತು ತುಂಬುವುದಿತ್ತು. ಫೋಟೋದಲ್ಲಿ ಅತ್ತೆಯ ತಂದೆ, ಹತ್ತಿ ವ್ಯಾಪಾರಿ, ತಮ್ಮ ಮೋಟಾರಿಗೆ ಒರಗಿ ನಿಂತಿದ್ದರು. ಸುತ್ತ ಹನ್ನೊಂದು ಜನ.

“ಅಜ್ಜಂದು ಇದೊಂದ ಫೋಟೋ ಉಳದೈತ್ರಿ. ದೊಡ್ಡದು ಮಾಡಿಸಿ ಕಟ್ಟು ಹಾಕಸ್ರಿ. ಅತ್ತಿಗೆ ಕೊಡೂಣು.”

“ಕೆಳಗ ಗಾಡಿ ಹೆಸರೂ ಹಾಕಸ್ತೇನಿ.”

“ಗಾಡಿ ಹೆಸರು ಯಾಕ್ರಿ? ಅಜ್ಜನ ಹೆಸರು ಹಾಕಸ್ರಿ, ಸಾಕು.”

ಸಂಶೋಧನೆಯ ಬೆಲೆ ಇವಳಿಗೇನು ಗೊತ್ತು ಎಂದುಕೊಂಡು ನಾನು ಕೆಲಸಕ್ಕೆ ಕೂತೆ. ಆದರೆ ಮೋಟಾರು ಸರಿಯಾಗಿ ಕಾಣಲೊಲ್ಲದು. ಅಜ್ಜ ದೀಪವನ್ನು ಮುಚ್ಚಿದ್ದರು. ಫುಟ್‌ಬೋರ್ಡಿನ ಮೇಲೆ ಕೂತ ಪುಟ್ಟ ಹುಡುಗಿಯೊಂದು ಗಾಲಿಯನ್ನೇ ಮರೆಮಾಡಿತ್ತು. ನನ್ನ ಮೊಬೈಲಿನಲ್ಲಿ ಒಂದು ಸೌಕರ್ಯವಿದೆ. ಬೆರಳಿನಿಂದ ಉಜ್ಜಿದರೆ ಮನುಷ್ಯ ಮಾಯವಾಗುತ್ತಾನೆ, ಅವನ ಹಿಂದೆ ಏನಿದ್ದೀತೆಂದು ಮೊಬೈಲೇ ಊಹಿಸಿ ತುಂಬುತ್ತದೆ. ಅರ್ಧ ಗಂಟೆಯಲ್ಲಿ ಹೆಂಡತಿಯ ತವರುಮನೆಯನ್ನು ಪೂರ್ತಿ ಅಳಿಸಿದೆ. (ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಸಮಾಧಾನ ಎಂದೂ ಆಗಿರಲಿಲ್ಲ.)

ಆ ಖಾಲಿ ಮೋಟಾರಿನ ಬಗ್ಗೆ ಮೂರು ವಾರ ಗುಂಪಿನಲ್ಲಿ ಮಹಾಯುದ್ಧ ನಡೆಯಿತು. ಪೋಲೆಂಡಿನವನು ಜರ್ಮನಿಯ ಗಾಡಿ ಎಂದ, ಪುಣೆಯವನು ಇಂಗ್ಲೆಂಡಿನದೆಂದ. ನಮ್ಮ ಕೇಶ್ವಾಪುರದ ಗ್ಯಾರೇಜಿನ ಕಮರುದ್ದೀನನಿಗೂ ತೋರಿಸಿದೆ. ಅವನು ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದ.

“ಸರ, ಮುಂದಿನ ಗಾಲಿ ಒಂದು ನಮೂನಿ, ಹಿಂದಿನ ಗಾಲಿ ಒಂದು ನಮೂನಿ ಅದಾವಲ್ರಿ.”

“ಅದ ನೋಡಪಾ ಅಪರೂಪದ ಗಾಡಿ ಲಕ್ಷಣ,” ಎಂದೆ.

ಕೊನೆಗೆ ನಾನೇ ಪತ್ತೆ ಹಚ್ಚಿದೆ: ಫ್ರಾನ್ಸಿನ ಡರಾಕ್. ಉಮಾಶ್ರೀಗೆ ಹೇಳಿದರೆ, “ಉಂಡದ್ದು ಜಾಸ್ತಿ ಆಗಿ ತೇಗಿದ್ಹಂಗ ಐತಿ ಹೆಸರು,” ಎಂದು ರೊಟ್ಟಿ ಬಡಿಯಲು ಹೋದಳು. ನಾನು ಸ್ಟುಡಿಯೋಗೆ ಹೋಗಿ ಆ ನಿರ್ಮಲ ಮೋಟಾರನ್ನೇ ಎರಡು ಅಡಿಗೆ ಹಿಗ್ಗಿಸಿ, ಕೆಳಗೆ ಬಂಗಾರದ ಅಕ್ಷರಗಳಲ್ಲಿ ‘ಡರಾಕ್’ ಎಂದು ಬರೆಸಿದೆ.

ಕೆಲಗೇರಿಯಲ್ಲಿ ನೆಂಟರೆಲ್ಲ ಸೇರಿದ್ದರು. ಶಿವಲಿಂಗವ್ವತ್ತಿ ಕಾಗದ ಬಿಚ್ಚಿಸಿ, ಕನ್ನಡಕ ಏರಿಸಿ, ಗಾಜಿನ ಮೇಲೆ ಬೆರಳಾಡಿಸಿದರು. ಎಡದಿಂದ ಬಲಕ್ಕೆ ಹೋದ ಬೆರಳು ಮತ್ತೆ ಎಡಕ್ಕೆ ಬಂತು.

“ನಮ್ಮಪ್ಪ ಎಲ್ಲಿ ಹ್ವಾದನ್ರಿ, ಅಳಿಯಂದ್ರ?”

“ದೀಪಕ್ಕ ಅಡ್ಡ ಬರ್ತಿದ್ರು. ಅದಕ್ಕ ಸ್ವಲ್ಪ…”

“ಇಲ್ಲೆ ನಾ ಕುಂತಿದ್ದೆ,” ಎಂದು ಗಾಲಿ ಮುಟ್ಟಿದರು. “ನನಗ ಆಗ ಐದು ವರ್ಷ. ನನ್ನೂ ಅಳಸೀರಿ?”

ಉಮಾಶ್ರೀ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಹಿಂತಿರುಗಿಸಲೆಂದು ತಂದಿದ್ದ ಮೂಲ ಫೋಟೋವನ್ನು ಚೀಲದಿಂದ ತೆಗೆದು ಅತ್ತೆಯ ಕೈಗಿಟ್ಟಳು. ಅತ್ತೆ ಅಂಗೈ ಅಗಲದ ಆ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ತಂದೆಯಿಂದ ಹಿಡಿದು ಹನ್ನೆರಡೂ ಜನರ ಹೆಸರು ಹೇಳಿದರು. ಒಂದೂ ತಪ್ಪಲಿಲ್ಲ, ತಡವರಿಸಲೂ ಇಲ್ಲ.

“ಈ ದೊಡ್ಡದರ ಕೆಳಗ ಏನೋ ಬರದಾರಲ್ಲ, ಏನದು?”

“ಗಾಡಿ ಹೆಸರ್ರಿ, ಅತ್ತಿ. ಡರಾಕ್.”

ಅತ್ತೆ ನಕ್ಕರು. “ಆ ಗಾಡಿಗೆ ಹೆಸರು ಎಲ್ಲಿಂದ ಬರಬೇಕ್ರಿ? ಅಮೀನಸಾಬ ಅಂತ ಒಬ್ಬ ಮೇಸ್ತ್ರಿ ಇದ್ದ. ಮೂರು ಮುರದುಬಿದ್ದ ಗಾಡಿ ಕೂಡಿಸಿ ಒಂದು ಮಾಡಿದ್ದ. ದೀಪ ಟಾಂಗಾದ್ದು.”

“ನನಗ ಮೊದಲ ಹೇಳಬೇಕಿತ್ತಲ್ರಿ?”

“ನೀವು ಪೋಲೆಂಡಿನ್ಯಾಗ ಕೇಳಿದ್ರಿ. ಕೆಲಗೇರ್ಯಾಗ ಕೇಳಲಿಲ್ಲ,” ಎಂದಳು ಉಮಾಶ್ರೀ.

ದೊಡ್ಡ ಚಿತ್ರವನ್ನು ವಾಪಸು ಒಯ್ಯುತ್ತೇನೆಂದು ಕೈ ಚಾಚಿದೆ. ಅತ್ತೆ ಬಿಡಲಿಲ್ಲ.

“ಇರಲಿ. ಹೆಣ್ಣುಮಕ್ಕಳು ಅಂತ ನಮ್ಮಪ್ಪ ನನ್ನ ಒಳಗ ಕೂಡ್ರಸಲಿಲ್ಲ. ಈಗ ಗಾಡಿ ಖಾಲಿ ಐತಲ್ಲ. ಅಳಸಾಕ ಬರ್ತದ ಅಂದ್ರ ಕೂಡ್ರಸಾಕೂ ಬರ್ತಿರಬೇಕು. ನನ್ನ ಮುಂದಿನ ಸೀಟಿಗೆ ಕೂಡ್ರಸ್ರಿ. ಬಾಜೂಕ ನಮ್ಮಪ್ಪ ಇರಲಿ.”

ಆ ವಿದ್ಯೆ ಕಲಿಯಲು ನನಗೆ ಹದಿನೈದು ದಿನ ಹಿಡಿಯಿತು. ಐದು ವರ್ಷದ ಅತ್ತೆಯನ್ನು ಸ್ಟಿಯರಿಂಗಿನ ಹಿಂದೆ ಕೂರಿಸಿ, ಪಕ್ಕದಲ್ಲಿ ಅಜ್ಜನನ್ನು ಇಟ್ಟು ಕಳಿಸಿದೆ. ಚಿತ್ರ ನೋಡಿದ ಕೂಡಲೇ ಅತ್ತೆ ಉಮಾಶ್ರೀಗೆ ಫೋನು ಮಾಡಿ, “ಅಪ್ಪ ನನ್ನ ಬಾಜೂಕ ಕುಂತಾನ,” ಎಂದರಂತೆ.

ಸುದ್ದಿ ಹಬ್ಬಿತು. ಭಾವಮೈದುನ ದ್ಯಾಮಣ್ಣ ತನಗೆ ಹಿಂದಿನ ಸೀಟು ಬೇಕೆಂದ. ನಾದಿನಿ ಭಾಗ್ಯಶ್ರೀ ಮಕ್ಕಳ ಸಮೇತ ಹತ್ತಿದಳು. ಗುಂಪಿನಲ್ಲಿ ನಾನು ಸತ್ಯ ಒಪ್ಪಿಕೊಂಡ ದಿನದಿಂದ ಪೋಲೆಂಡಿನವನು ಉತ್ತರಿಸುತ್ತಿಲ್ಲವಾದ್ದರಿಂದ ನನಗೆ ಬಿಡುವೂ ಇದೆ. ನಾಲ್ಕು ಜನರ ಮೋಟಾರಿನಲ್ಲಿ ಈಗ ಹತ್ತೊಂಬತ್ತು ಜನರಿದ್ದಾರೆ. ಉಮಾಶ್ರೀ ಇಳಕಲ್ಲ ಸೀರೆಯುಟ್ಟು ಕಿಟಕಿಯ ಪಕ್ಕ ಕೂತಿದ್ದಾಳೆ.

ನಿನ್ನೆ ಸ್ವಲ್ಪ ಸಂಕೋಚದಿಂದಲೇ ಕೇಳಿದೆ: “ನಾ ಎಲ್ಲಿ ಕೂಡ್ಲಿ?”

ಅವಳು ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ನಿಜವಾಗಿಯೂ ಜಾಗ ಹುಡುಕಿದಳು.

“ಒಳಗ ಭರ್ತಿ ಆಗೇತ್ರಿ,” ಎಂದಳು ಕಡೆಗೆ, ಕನಿಕರದಿಂದ. “ನೀವು ಹಿಂದ ನಿಂತು ನೂಕ್ರಿ.”